ಪೂಜೆಗೂ ಬಸ್ಸಿಗೂ ನಡುವೆ ಒಂದು ರೊಟ್ಟಿ

"ಅಂಜಬ್ಯಾಡ್ರಿ. ಆದ್ರ, ಲಗೂ ಬರ್ರಿ."

ಫೋನಿನಲ್ಲಿ ಈ ಎರಡು ಮಾತು ಒಟ್ಟಿಗೆ ಕೇಳಿದರೆ ಯಾವ ತಾಯಿ ಅಂಜದೆ ಇರುತ್ತಾಳೆ, ಹೇಳಿ? ಕಳೆದ ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಆಳಂದದ ಹೈಸ್ಕೂಲಿನಿಂದ ಟೀಚರ್ ಫೋನ್ ಮಾಡಿದ್ದರು. ಎಸ್ಸೆಸ್ಸೆಲ್ಸಿ ಓದುವ ನನ್ನ ಮಗಳು ಸಂಗೀತಾ ಗಣಿತದ ಟೆಸ್ಟ್ ಬರೆಯುತ್ತಲೇ ಬೆಂಚಿನಿಂದ ಕೆಳಗೆ ಬಿದ್ದಿದ್ದಳು.

ನರೋಣಾದಿಂದ ಆಳಂದಕ್ಕೆ ಬಸ್ಸು ಇಷ್ಟು ನಿಧಾನ ಹೋಗುತ್ತದೆಂದು ಅವತ್ತೇ ಗೊತ್ತಾಗಿದ್ದು. ಹಾರ್ಟಿನ ತೊಂದರೆಯೇ? ತಲೆಯೊಳಗೆ ಏನಾದರೂ ಇದೆಯೇ? ಬಿದ್ದವಳು ಎದ್ದಳೋ ಇಲ್ಲವೋ? (ಯೂಟ್ಯೂಬ್ ನೋಡಿ ಅರ್ಧ ಡಾಕ್ಟರಾದವರಿಗೆ ರೋಗಗಳ ಕೊರತೆ ಇಲ್ಲ.) ಪಕ್ಕದ ಮನೆಯ ಶಬಾನಾ ಜೊತೆಗೆ ಬಂದಿದ್ದಳು. ನನ್ನ ಕೈಯನ್ನು ಅವಳು ದಾರಿಯುದ್ದಕ್ಕೂ ಬಿಡಲಿಲ್ಲ.

ಸಂಗೀತಾ ಸ್ಟಾಫ್ ರೂಮಿನಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಕೈಯಲ್ಲಿ ಬಿಸ್ಕತ್ತು. ತುಟಿ ಬಿಳಿಚಿತ್ತು.

"ಡಾಕ್ಟರ್ ನೋಡಿ ಹೋದ್ರು. ಮುಂಜಾನೆ ಏನ್ ತಿಂದಿದ್ಳ್ರಿ?" ಎಂದರು ಟೀಚರ್.

ಉತ್ತರ ನನ್ನಲ್ಲಿತ್ತು. ಏನೂ ತಿಂದಿರಲಿಲ್ಲ.

ನಮ್ಮದು ಲಿಂಗಪೂಜೆಯ ಮನೆ. ಪೂಜೆ ಮುಗಿಯದೆ ಯಾರೂ ಬಾಯಿಗೆ ತುತ್ತು ಹಾಕಕೂಡದು. ಅತ್ತೆ ಹಾಕಿದ ನಿಯಮ, ಅವರು ಹೋದ ಮೇಲೆ ಇನ್ನಷ್ಟು ಗಟ್ಟಿ ಮಾಡಿದವಳು ನಾನು. ನಾನು ಪೂಜೆಗೆ ಕೂರುವುದು ಏಳಕ್ಕೆ. ಸ್ಪೆಷಲ್ ಕ್ಲಾಸಿಗೆ ಹೋಗುವ ಹುಡುಗಿಯ ಬಸ್ಸು ಆರೂವರೆಗೆ. ಅಂದರೆ ಆರು ತಿಂಗಳಿಂದ ಅವಳ ಮೊದಲ ತುತ್ತು ಶಾಲೆಯ ಬಿಸಿಯೂಟವೇ. (ಅದಕ್ಕೆ ನನ್ನ ಅಡ್ಡಿ ಇರಲಿಲ್ಲ. ಅಷ್ಟೊತ್ತಿಗೆ ಮನೆಯಲ್ಲಿ ಪೂಜೆ ಮುಗಿದಿರುತ್ತಿತ್ತಲ್ಲ!) ಒಂದು ತಾಸು ಮೊದಲು ಎದ್ದು ಪೂಜೆಗೆ ಕೂರಬಹುದಿತ್ತು. ಹೊಳೆಯಲಿಲ್ಲ. ಮಗಳು ನಿಯಮ ಪಾಲಿಸುತ್ತಾಳೆಂದು ಓಣಿಯಲ್ಲಿ ಹೇಳಿಕೊಂಡು ತಿರುಗಿದೆ.

ಈ ನಡುವೆ ಮಾರ್ಕ್ಸ್ ಇಳಿದವು. ಮೊಬೈಲು ಕಸಿದುಕೊಂಡೆ. ಟ್ಯೂಷನ್ ಹಚ್ಚಿದೆ, ಗೈಡ್ ತಂದೆ. ಹುಡುಗಿ ಸಿಡುಕತೊಡಗಿದಳು, ವಯಸ್ಸಿನ ದೋಷ ಎಂದೆ. ಮೂಲೆಯಲ್ಲಿ ಕುಳಿತು ಅತ್ತಳು, ಗಾಣಗಾಪುರಕ್ಕೆ ಹರಕೆ ಹೊತ್ತೆ. ಎಲ್ಲಾ ಮಾಡಿದೆ, ರೊಟ್ಟಿ ಒಂದನ್ನು ಬಿಟ್ಟು.

"ಲೆಕ್ಕ ಬರ್ತಿತ್ತವ್ವ. ಹಾಳಿ ಮ್ಯಾಲಿನ ಅಂಕಿ ಕುಣಿಯಾಕತ್ತಿದ್ವು," ಎಂದಳು ಸಂಗೀತಾ.

"ಹಸಿವಿ ಆಗ್ತದಂತ ಒಂದಿನಾರ ಹೇಳಬಾರದೇನ್ ಬೇ?"

"ಅಂಜಿಕಿ ಬರ್ತಿತ್ತು."

"ಯಾರ ಅಂಜಿಕಿ?"

ಅವಳು ಬಿಸ್ಕತ್ತು ನೋಡುತ್ತಾ ಕುಳಿತಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಸಂಗೀತಾ ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಆಗ ಶಬಾನಾ ಮೆಲ್ಲಗೆ ಹೇಳಿದಳು: "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ರಂಜಾನದಾಗ ರೋಜಾ ಇದ್ದಾಗೂ ನಾವು ಮಕ್ಕಳನ್ನ ನಸುಕಿನ್ಯಾಗ ಎಬ್ಬಿಸಿ ಸಹರಿ ಉಣಸ್ತೀವ್ರಿ. ನಿಮ್ಮ ಹುಡುಗಿ ಆರು ತಿಂಗಳಿಂದ ಸಹರಿ ಇಲ್ದ ರೋಜಾ ಹಿಡದಾಳ."

ಸಿಟ್ಟು ಬಂತು. ಬಂದದ್ದು ಶಬಾನಾಳ ಮೇಲಲ್ಲ. ಪ್ರತಿ ಸುಗ್ಗಿಗೆ ಮಠದ ದಾಸೋಹಕ್ಕೆ ಜೋಳ ಕಳಿಸುವ ಮನೆ ನಮ್ಮದು. ಊರವರ ಹೊಟ್ಟೆಯ ಚಿಂತೆ ಮಾಡುವವರಿಗೆ ಎದುರಿಗೆ ಜಡೆ ಹಾಕಿಸಿಕೊಳ್ಳುವ ಹುಡುಗಿಯ ಹೊಟ್ಟೆ ಕಾಣದೆ ಹೋಯಿತೇ? ಹಸಿದವಳನ್ನು ಕಾಯಿಸು ಎಂದು ಯಾವ ದೇವರು ಕೇಳಿದ್ದ?

ಈಗ ನನ್ನ ಪೂಜೆ ಐದೂವರೆಗೆ. ಆರಕ್ಕೆ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಒಂದು ವಾರದಲ್ಲೇ ಹುಡುಗಿಯ ಮುಖಕ್ಕೆ ಬಣ್ಣ ಬಂದಿದೆ, ತಮಾಷೆ ಮಾಡುತ್ತಾಳೆ. ಆದರೂ ಹತ್ತೂವರೆಗೆ ಫೋನ್ ರಿಂಗಾದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಅದಾದರೂ ಹೋದೀತು.

ಹೋಗದ ಭಯ ಬೇರೆಯೇ ಇದೆ. ತಾಟು ಮುಂದಿಟ್ಟರೆ ಸಂಗೀತಾ ತಕ್ಷಣ ಕೈ ಹಾಕುವುದಿಲ್ಲ, ಮೊದಲು ನನ್ನ ಮುಖ ನೋಡುತ್ತಾಳೆ.

ಹಸಿದ ಮಗಳು ರೊಟ್ಟಿ ಮುರಿಯಲು ಹೆದರುವಂಥ ತಾಯಿ ನಾನು ಯಾವತ್ತು ಆದೆ?