ನೈರೋಬಿ ಕುಣಿದ ಬುಧವಾರ

೨೦೦೮ರಲ್ಲಿ ನಾನು ನೈರೋಬಿಯ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಕ್ರಿಮಿನಲ್ ವಕೀಲೆಯಾಗಿದ್ದೆ. ಮದುವೆಯಾಗಿ ಮಂಗಳೂರಿನಿಂದ ಬಂದವಳು. ಮನೆಯಲ್ಲಿ ಕೊಂಕಣಿ, ಕೋರ್ಟಿನಲ್ಲಿ ಇಂಗ್ಲಿಷು, ಕಟಕಟೆಯಲ್ಲಿ ನಿಂತವರ ಜೊತೆ ಸ್ವಾಹಿಲಿ; ಹೀಗೆ ಬರೆಯಲು ಕುಳಿತಾಗ ಮಾತ್ರ ಕನ್ನಡ. ನ್ಗಾರಾ ಬಡಾವಣೆಯ ಒಂದು ಸಗಟು ಬಟ್ಟೆ ಅಂಗಡಿಯ ಮಹಡಿಯಲ್ಲಿ ನನ್ನ ಆಫೀಸು ಇತ್ತು. ನನ್ನ ಕಕ್ಷಿದಾರರಲ್ಲಿ ಹೆಚ್ಚಿನವರು ಮೆಟ್ಟಿಲು ಹತ್ತಿ ಬಂದವರಲ್ಲ, ಜೈಲಿನಿಂದ ಹೇಳಿಕಳಿಸಿದವರು.

ಆ ವರ್ಷ ನನಗೆ ಇನ್ನೊಂದು ಚಟ ಅಂಟಿಕೊಂಡಿತ್ತು. ಪ್ರತಿ ಶುಕ್ರವಾರ ಬೆಳಗ್ಗೆ ಒಂದು ಸಣ್ಣ ಎಫ್‌ಎಂ ರೇಡಿಯೋದಲ್ಲಿ ಅರ್ಧ ಗಂಟೆ ಅಮೆರಿಕದ ಅಧ್ಯಕ್ಷ ಚುನಾವಣೆ, ಅಲ್ಲಿಯ ಕೋರ್ಟು, ಅಲ್ಲಿಯ ಜೈಲುಗಳ ಬಗ್ಗೆ ಮಾತಾಡುತ್ತಿದ್ದೆ. ಅಭ್ಯರ್ಥಿಗಳಲ್ಲಿ ಒಬ್ಬರ ತಂದೆಯ ಊರು ಕೆನ್ಯಾ. ಹಾಗಾಗಿ ನೈರೋಬಿಯಲ್ಲಿ ಅಮೆರಿಕದ ರಾಜಕೀಯ ಗೊತ್ತಿಲ್ಲದವರೇ ಇರಲಿಲ್ಲ. ಮಟಾಟು ವ್ಯಾನಿನ ಕಂಡಕ್ಟರ್ ಚಿಲ್ಲರೆ ಕೊಡುತ್ತಲೇ ಯಾವ ರಾಜ್ಯ ಯಾರಿಗೆ ಎಂದು ಲೆಕ್ಕ ಹಾಕುತ್ತಿದ್ದ. ಮಾಂಸದಂಗಡಿಯವನು ಕತ್ತಿ ಹಿಡಿದುಕೊಂಡೇ ವಾದಕ್ಕೆ ನಿಲ್ಲುತ್ತಿದ್ದ. ಇಂಥ ಹಬ್ಬದ ನಡುವೆ ತಣ್ಣೀರು ಎರಚುವ ಕೆಲಸ ನನ್ನದು. ಬಾಯಿಗೆ ಬೀಗ ಹಾಕಿಕೊಳ್ಳುವ ಅಭ್ಯಾಸ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ನನ್ನ ವಾದ ಸರಳವಾಗಿತ್ತು. ಅಲ್ಲಿಯ ಎರಡೂ ಪಕ್ಷದವರು ಅಪರಾಧದ ಮಾತು ಬಂದ ಕೂಡಲೇ ತೋಳೇರಿಸುತ್ತಾರೆ. ಜಾಮೀನು ಕಟ್ಟಲು ಗತಿಯಿಲ್ಲದೆ ವಿಚಾರಣೆಗೆ ಮೊದಲೇ ಒಳಗೆ ಕೊಳೆಯುವವರ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ಒಳಗಿರುವ ಬಡವನಿಂದ ಓಟು ಬರುವುದಿಲ್ಲ, ಓಟು ಬಾರದ ಕಡೆ ತಿರುಗಿ ನೋಡುವ ರಾಜಕಾರಣಿಯನ್ನು ನಾನಂತೂ ಕಂಡಿಲ್ಲ. ಚುನಾವಣೆಯ ಹಿಂದಿನ ಶುಕ್ರವಾರ ಸಿಟ್ಟು ಏರಿ ಒಂದು ಹೆಜ್ಜೆ ಮುಂದೆ ಹೋದೆ. “ಅಲ್ಲಿ ಯಾರು ಗೆದ್ದರೂ ನೈರೋಬಿಯಲ್ಲಿ ಒಂದು ಜೈಲಿನ ಬೀಗವೂ ತೆರೆಯುವುದಿಲ್ಲ, ಬರೆದಿಟ್ಟುಕೊಳ್ಳಿ” ಎಂದೆ.

ಸ್ಟುಡಿಯೋದಿಂದ ಹೊರಬರುವಷ್ಟರಲ್ಲಿ ನೈರೋಬಿಯಲ್ಲೇ ಲೆಕ್ಚರರ್ ಆಗಿದ್ದ ಮೈಸೂರಿನ ಶ್ರೀನಿವಾಸ್ ಅವರ ಫೋನು. “ಏನ್ ಮೇಡಂ ನೀವು, ಮದುವೆ ಮನೇಗ್ ಹೋಗಿ ಊಟ ಸರಿಯಿಲ್ಲ ಅಂತ ಮೈಕಲ್ಲಿ ಅನೌನ್ಸ್ ಮಾಡಿದ್ ಹಂಗಾಯ್ತು! ಜನ ಸ್ವಲ್ಪ ಖುಷಿಯಾಗಿರ್ಲಿ ಬಿಡಿ” ಎಂದರು. ಖುಷಿಪಡುವುದಕ್ಕೆ ನಾನೇನು ಅಡ್ಡ ಬಂದಿಲ್ಲ ಎಂದು ಫೋನಿಟ್ಟೆ.

ಆ ಮಾತು ಆಡುವಾಗ ನನ್ನ ಮನಸ್ಸಿನಲ್ಲಿ ಮುಥೋನಿ ಇದ್ದಳು. ಕರೆನ್ ಎಂಬ ಶ್ರೀಮಂತರ ಬಡಾವಣೆಯ ಒಂದು ದೊಡ್ಡ ಮನೆಯಲ್ಲಿ ಕೆಲಸಕ್ಕಿದ್ದ ಹೆಂಗಸು. ಮನೆಯೊಡತಿಯ ಚಿನ್ನದ ಸರ ಕಾಣೆಯಾಯಿತು, ಅನುಮಾನ ಇವಳ ಮೇಲೆ ಬಂತು. ಕೆನ್ಯಾದ ಕಾನೂನಿನಲ್ಲಿ ಇದಕ್ಕೆ ‘ಥೆಫ್ಟ್ ಬೈ ಸರ್ವೆಂಟ್’ ಎಂಬ ಬೇರೆಯದೇ ಕಲಮು ಉಂಟು. ಕೆಲಸಕ್ಕಿರುವವರೇ ಕದ್ದರೆ ಶಿಕ್ಷೆ ಹೆಚ್ಚು. ಕೋರ್ಟು ಜಾಮೀನು ಕೊಟ್ಟಿತ್ತು, ಆದರೆ ಕಟ್ಟುವವರು ಇರಲಿಲ್ಲ. ಸಾಕ್ಷಿ ಬಂದ ದಿನ ಫೈಲು ಬರಲಿಲ್ಲ, ಫೈಲು ಬಂದ ದಿನ ಸಾಕ್ಷಿ ಬರಲಿಲ್ಲ. ಹೀಗೆ ಎರಡು ವರ್ಷ ಕಳೆದವು. ಲಂಗಾಟಾ ಕಡೆಯ ಹೆಂಗಸರ ಜೈಲಿನಲ್ಲಿ ಅವಳ ಜೊತೆ ಅವಳ ಮಗಳು ಶಿರು ಕೂಡ ಇದ್ದಳು. ಒಳಗೆ ಹೋಗುವಾಗ ಅವಳು ಇನ್ನೂ ತೊದಲು ಮಾತಾಡುವ ಕೂಸು.

ತಾಯಿಯ ಜೊತೆ ಮಗು ಜೈಲಿನಲ್ಲಿರಬಹುದು, ಆದರೆ ನಾಲ್ಕು ತುಂಬುವವರೆಗೆ ಮಾತ್ರ. ಆಮೇಲೆ ಮನೆಯವರು ಕರೆದೊಯ್ಯಬೇಕು. ಯಾರೂ ಇಲ್ಲದಿದ್ದರೆ ಅನಾಥಾಲಯ. ಮುಥೋನಿಗೆ ರಕ್ತಸಂಬಂಧಿಗಳು ಯಾರೂ ಇರಲಿಲ್ಲ. ಒಮ್ಮೆ ಅನಾಥಾಲಯ ಸೇರಿದ ಮಗುವನ್ನು ಮರಳಿ ಪಡೆಯಲು ಮಕ್ಕಳ ಕೋರ್ಟಿನಲ್ಲಿ ಬೇರೆಯೇ ಅರ್ಜಿ, ಬೇರೆಯೇ ವಿಚಾರಣೆ. ಕೆಲಸವೂ ಮನೆಯೂ ಇಲ್ಲದ ಹೆಂಗಸಿಗೆ ಅದು ಎಷ್ಟು ವರ್ಷದ ಮಾತೋ ಯಾರಿಗೆ ಗೊತ್ತು? ಶಿರುವಿಗೆ ಚುನಾವಣೆಯ ವಾರದ ಕೊನೆಗೆ ನಾಲ್ಕು ತುಂಬುತ್ತಿತ್ತು.

ಪ್ರಾಸಿಕ್ಯೂಷನ್ ಸಾಕ್ಷಿಗಳ ವಿಚಾರಣೆಯೆಲ್ಲ ಮುಗಿದಿತ್ತು. ಸರ ತೆಗೆದದ್ದನ್ನು ಕಂಡವರಿಲ್ಲ, ಸರವೂ ಸಿಕ್ಕಿಲ್ಲ. ಆರೋಪಿ ಉತ್ತರ ಕೊಡಬೇಕಾದಷ್ಟು ಪುರಾವೆಯೇ ಇಲ್ಲ ಎಂದು ನಾನು ವಾದಿಸಿದ್ದೆ. ಇದನ್ನು ‘ನೋ ಕೇಸ್ ಟು ಆನ್ಸರ್’ ಎನ್ನುತ್ತೇವೆ. ಮ್ಯಾಜಿಸ್ಟ್ರೇಟರು ತೀರ್ಮಾನಕ್ಕೆ ಅದೇ ವಾರದ ಗುರುವಾರವನ್ನು ಇಟ್ಟಿದ್ದರು. ಅವರಿಗೆ ಮೊಂಬಾಸಾಕ್ಕೆ ವರ್ಗವಾಗಿತ್ತು, ಇಲ್ಲಿಯ ಕೊನೆಯ ದಿನ ಆ ಗುರುವಾರವೇ. ಗುರುವಾರ ಅವರು ಓದಿದರೆ ತಾಯಿ ಮಗು ಇಬ್ಬರೂ ಹೊರಗೆ. ಅದು ತಪ್ಪಿದರೆ ಹೊಸಬರು ಬಂದು ಫೈಲು ಬಿಡಿಸುವುದೇ ಹೊಸ ವರ್ಷದಲ್ಲಿ.

ಬುಧವಾರ ಬೆಳಗಾಗುವಾಗ ಫಲಿತಾಂಶ ಬಂತು. ತಂದೆಯ ಕಡೆಯಿಂದ ಇಲ್ಲಿಯವನಾದ ಅಭ್ಯರ್ಥಿ ಗೆದ್ದಿದ್ದ. ನೈರೋಬಿಯಲ್ಲಿ ಅದು ಜಕರಂಡಾ ಹೂ ಉದುರುವ ಕಾಲ. ಹಿಂದಿನ ಸಂಜೆ ಮಳೆಯಾಗಿ ರಸ್ತೆಗಳೆಲ್ಲ ನೇರಳೆ ಬಣ್ಣವಾಗಿದ್ದವು. ಆ ನೇರಳೆಯ ಮೇಲೆ ಜನ ಹಸಿರು ರೆಂಬೆ ಹಿಡಿದು ಕುಣಿಯುತ್ತಿದ್ದರು. ಗುರುತಿಲ್ಲದವರು ಗುರುತಿಲ್ಲದವರನ್ನು ಅಪ್ಪಿಕೊಳ್ಳುತ್ತಿದ್ದರು. ಆ ವರ್ಷದ ಮೊದಲ ತಿಂಗಳುಗಳಲ್ಲಿ ನಮ್ಮದೇ ಚುನಾವಣೆಯ ಹೆಸರಿನಲ್ಲಿ ಇದೇ ರಸ್ತೆಗಳಲ್ಲಿ ಎಷ್ಟು ರಕ್ತ ಹರಿದಿತ್ತೆಂದು ಕಂಡವಳು ನಾನು. ಅದೇ ಊರು ಹೀಗೆ ನಗುವುದನ್ನು ನೋಡಿ ಇನ್ನೂ ನಿದ್ದೆಯಲ್ಲೇ ಇದ್ದೇನೋ ಎನ್ನಿಸಿತು. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ.

ಕೋರ್ಟಿಗೆ ಹೋದಾಗ ಆ ಕನಸು ಒಡೆಯಿತು. ಗೆಲುವಿನ ಗೌರವಕ್ಕೆ ಮರುದಿನ ದೇಶಕ್ಕೆಲ್ಲ ರಜೆ ಘೋಷಿಸಿದ್ದಾರೆ ಎಂದು ಗುಮಾಸ್ತ ನಗುನಗುತ್ತಾ ಹೇಳಿದ. ಅಮೆರಿಕದಲ್ಲಿ ರಜೆ ಇಲ್ಲ, ನಮಗೆ ರಜೆ! ಗುರುವಾರ ಕೋರ್ಟಿಲ್ಲ. ಬೀಗ ತೆರೆಯುವುದಿಲ್ಲ ಎಂದು ಹೇಳಿದವಳು ನಾನೇ, ಆದರೆ ತೆರೆಯಲಿದ್ದ ಬೀಗವೂ ಹೀಗೆ ಮತ್ತೆ ಜಡಿದುಕೊಳ್ಳುತ್ತದೆ ಎಂದು ಎಣಿಸಿರಲಿಲ್ಲ.

ಉಳಿದದ್ದು ಒಂದೇ ದಾರಿ, ಅಂದೇ ತೀರ್ಮಾನ ಓದಿಸುವುದು. ದಿನ ಹಿಂದಕ್ಕೆ ತರಲು ಎದುರು ಪಕ್ಷದ ಒಪ್ಪಿಗೆ ಬೇಕು. ಆಗ ಕೆಳಗಿನ ಕೋರ್ಟುಗಳಲ್ಲಿ ಪೊಲೀಸ್ ಅಧಿಕಾರಿಗಳೇ ಪ್ರಾಸಿಕ್ಯೂಟರ್ ಆಗಿರುತ್ತಿದ್ದರು. ಈ ಕೇಸಿನ ಪ್ರಾಸಿಕ್ಯೂಟರ್ ಇನ್‌ಸ್ಪೆಕ್ಟರ್ ಒಚಿಯೆಂಗ್, ಗೆದ್ದವರ ತಂದೆಯ ಊರಿರುವ ಸರೋವರದ ಕಡೆಯವರು. ಗೆದ್ದವರು ತಮಗೆ ದೂರದ ನೆಂಟ ಎಂದು ವರ್ಷವಿಡೀ ಹೇಳಿಕೊಂಡು ತಿರುಗಿದವರು, ನನ್ನ ರೇಡಿಯೋ ಮಾತಿಗೆ ಮುಖ ಊದಿಸಿಕೊಂಡವರು. ಯೂನಿಫಾರಂ ಜೇಬಿನಲ್ಲಿ ಹಸಿರು ಎಲೆ ಸಿಕ್ಕಿಸಿಕೊಂಡು ಕಾರಿಡಾರಿನಲ್ಲಿ ಮದುಮಗನಂತೆ ನಿಂತಿದ್ದರು.

ವಿಷಯ ಹೇಳಿದೆ. ಅವರು ಸಾವಕಾಶವಾಗಿ ಕೇಳಿಸಿಕೊಂಡು, ಸಾವಕಾಶವಾಗಿಯೇ ಪ್ರಶ್ನಿಸಿದರು. “ಮೇಡಂ, ಅಲ್ಲಿ ಯಾರು ಗೆದ್ದರೂ ಇಲ್ಲಿ ಒಂದು ಬೀಗವೂ ತೆರೆಯುವುದಿಲ್ಲ ಎಂದವರು ನೀವೇ ಅಲ್ಲವೇ?”

“ಹೌದು, ನಾನೇ. ಮನಸ್ಸಿದ್ದರೆ ಇವತ್ತು ಆ ಮಾತನ್ನು ನೀವೇ ಸುಳ್ಳು ಮಾಡಿ.”

ಒಚಿಯೆಂಗ್ ಹೊಟ್ಟೆ ಕುಲುಕಿಸಿ ನಕ್ಕರು. ಮ್ಯಾಜಿಸ್ಟ್ರೇಟರ ಮುಂದೆ ಎದ್ದುನಿಂತು “ನೋ ಅಬ್ಜೆಕ್ಷನ್” ಎಂದರು. ಮ್ಯಾಜಿಸ್ಟ್ರೇಟರು ಕಿಟಕಿಯಾಚೆ ಒಮ್ಮೆ ನೋಡಿ, “ಕೋರ್ಟು ಏಳುವುದರೊಳಗೆ ಆರೋಪಿ ನನ್ನೆದುರು ನಿಂತರೆ ಓದುತ್ತೇನೆ” ಎಂದು, ಕೈದಿಯನ್ನು ಹಾಜರುಪಡಿಸಲು ಜೈಲಿಗೆ ಆದೇಶ ಬರೆದುಕೊಟ್ಟರು. ಅಂಥ ದಿನ ಅದನ್ನು ಒಯ್ಯುವವರು ಯಾರು? ನಾನೇ ನನ್ನ ಹಳೆಯ ಕಾರಿನಲ್ಲಿ ಲಂಗಾಟಾಕ್ಕೆ ಹೊರಟೆ.

ಜೈಲಿನ ವ್ಯಾನು ಅಂಗಳದಲ್ಲೇ ಇತ್ತು, ಡ್ರೈವರ್ ಕುಣಿಯಲು ಹೋಗಿದ್ದ. ಹಿರಿಯ ವಾರ್ಡರ್ ಹೆಂಗಸು ಆದೇಶವನ್ನು ಎರಡು ಸಲ ಓದಿ, ಒಳಗೆ ಹೋಗಿ ಮೇಲಿನವರ ಒಪ್ಪಿಗೆ ಪಡೆದು ಬಂದು, “ನಿಮ್ಮ ಕಾರಿದೆಯಲ್ಲ, ನಾನೇ ಜೊತೆಗೆ ಬರುತ್ತೇನೆ” ಎಂದಳು. ಶಿರು ತಾಯಿಯ ಬಟ್ಟೆಯ ಅಂಚು ಬಿಡಲಿಲ್ಲ, ಅವಳೂ ಹತ್ತಿದಳು. ಮುಥೋನಿ ಕೇಳಿದ್ದು ಒಂದೇ ಮಾತು: “ವಕೀಲಿ, ನನ್ನ ದಿನ ನಾಳೆ ಅಲ್ಲವೇ?” ಸ್ವಾಹಿಲಿಯಲ್ಲೂ ವಕೀಲರಿಗೆ ವಕೀಲಿ ಎಂದೇ ಹೇಳುತ್ತಾರೆ. ನಾಳೆ ರಜೆ, ಅದಕ್ಕೇ ಇವತ್ತು ಎಂದೆ. ಯಾವ ರಜೆ ಎಂದು ಅವಳು ಕೇಳಲಿಲ್ಲ.

ಆ ದಾರಿ ನನಗೆ ಇಂದಿಗೂ ನಡೆದ ಸಂಗತಿಯ ಹಾಗೆ ನೆನಪಾಗುವುದಿಲ್ಲ, ಕಂಡ ಕನಸಿನ ಹಾಗೆ ನೆನಪಾಗುತ್ತದೆ. ಶಿರು ಗಾಜಿಗೆ ಹಣೆಯೊತ್ತಿ ಕುಳಿತಿದ್ದಳು. ನೆನಪು ಕಟ್ಟಿದಾಗಿನಿಂದ ಅವಳು ಗೋಡೆಯಿಲ್ಲದ ಜಾಗ ನೋಡಿರಲಿಲ್ಲ. ನೇರಳೆ ಹೂ ಹಾಸಿದ ರಸ್ತೆ ಕಂಡು, “ಮಾಮಾ, ಇಷ್ಟನ್ನೂ ಯಾರು ಗುಡಿಸಬೇಕು?” ಎಂದಳು. ಸ್ವಾಹಿಲಿಯಲ್ಲಿ ಮಾಮಾ ಎಂದರೆ ಅಮ್ಮ. ಬೆಳಗಾದರೆ ಅಂಗಳ ಗುಡಿಸುವ ತಾಯಂದಿರನ್ನೇ ಕಂಡ ಮಗು. ಇಲ್ಲಿ ಯಾರೂ ಗುಡಿಸುವುದಿಲ್ಲ, ಹೂವು ಹಾಗೇ ಇರುತ್ತದೆ ಎಂದಳು ಮುಥೋನಿ. ಮಗುವಿಗೆ ನಂಬಿಕೆ ಬರಲಿಲ್ಲ.

ಪೇಟೆ ಹತ್ತಿರ ಬಂದಂತೆ ಜನ ಹೆಚ್ಚಿದರು. ಮಟಾಟುಗಳ ನೆತ್ತಿಯ ಮೇಲೆ ಹುಡುಗರು ಕುಣಿಯುತ್ತಿದ್ದರು. ಯಾರೋ ನನ್ನ ಕಾರಿನ ವೈಪರಿಗೆ ರೆಂಬೆ ಸಿಕ್ಕಿಸಿದರು. ಮುಚ್ಚಿದ ಗಾಜಿನಾಚೆ ಅಷ್ಟೊಂದು ಬಾಯಿಗಳು ಹಾಡುತ್ತಿದ್ದವು, ಒಳಗೆ ನಮಗೆ ಕೇಳುತ್ತಿದ್ದದ್ದು ಮಗುವಿನ ಉಸಿರು ಮಾತ್ರ. “ಇವರಿಗೆಲ್ಲ ಏನಾಗಿದೆ?” ಎಂದಳು ಶಿರು. ಗೊತ್ತಿಲ್ಲ ಮಗಳೇ ಎಂದಳು ತಾಯಿ. ಅಮೆರಿಕದ ಚುನಾವಣೆಯನ್ನು ವಿವರಿಸಲು ನೈರೋಬಿಯಲ್ಲೇ ಹೆಸರಾದ ನಾನು ಸ್ಟೀರಿಂಗ್ ಹಿಡಿದು ಗಡಿಯಾರ ನೋಡುತ್ತಿದ್ದೆ. ಕಾರು ನಿಂತೇಬಿಟ್ಟಿತ್ತು, ಕೋರ್ಟು ಏಳುವ ಹೊತ್ತಾಗುತ್ತಿತ್ತು.

ಆಗ ವಾರ್ಡರ್ ಗಾಜು ಇಳಿಸಿ, ಅರ್ಧ ಮೈ ಹೊರಗೆ ಹಾಕಿ, “ಕೋರ್ಟಿಗೆ! ಮಗು ಇದೆ, ದಾರಿ ಬಿಡಿ!” ಎಂದು ಕೂಗಿದಳು. ಜನರಿಗೆ ಏನು ಅರ್ಥವಾಯಿತೋ ದೇವರೇ ಬಲ್ಲ. “ಕೋರ್ಟಿಗೆ! ಕೋರ್ಟಿಗೆ!” ಎಂದು ಅದನ್ನೇ ಹಾಡು ಮಾಡಿಕೊಂಡರು. ಕೆಲವರು ಮುಂದೆ ಓಡಿ ದಾರಿ ಬಿಡಿಸಿದರು. ನಾವು ಅವರ ನಡುವೆ ಮೆಲ್ಲಗೆ ತೇಲುತ್ತಾ ಕೋರ್ಟಿನ ಗೇಟು ಮುಟ್ಟಿದೆವು.

ಮ್ಯಾಜಿಸ್ಟ್ರೇಟರು ಕಾಯುತ್ತಿದ್ದರು, ಒಚಿಯೆಂಗ್ ಕೂಡ. ತೀರ್ಮಾನ ಓದಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆರೋಪಿ ಉತ್ತರಿಸಬೇಕಾದದ್ದು ಏನೂ ಇಲ್ಲ, ಬಿಡುಗಡೆ. ಮುಥೋನಿಗೆ ಕಟಕಟೆ ಇಳಿಯುವುದು ತಿಳಿಯಲಿಲ್ಲ. ವಾರ್ಡರ್ ಅವಳ ಮೊಣಕೈ ಹಿಡಿದು ಇಳಿಸಿ, ಕೈ ಬಿಟ್ಟಳು. ಆ ಸರ ಎಲ್ಲಿ ಹೋಯಿತೆಂದು ನನಗೆ ಇಂದಿಗೂ ಗೊತ್ತಿಲ್ಲ.

ಹೊರಗೆ ಇಳಿಬಿಸಿಲು. ಮುಥೋನಿಯ ಜೊತೆ ಹಿಂದೆ ಕೆಲಸ ಮಾಡಿದ್ದ ಒಬ್ಬಳು, ಅವಳು ಹೊರಬಂದರೆ ತನ್ನ ಕೋಣೆಯಲ್ಲಿ ಜಾಗ ಕೊಡುತ್ತೇನೆ ಎಂದಿದ್ದಳು. ಅಲ್ಲಿಗೆ ಬಿಡಲು ಹೊರಟೆವು. ಮೆಟ್ಟಿಲ ಕೆಳಗೆ ಜನ ಇನ್ನೂ ಕುಣಿಯುತ್ತಲೇ ಇದ್ದರು. ಶಿರು ನಿಂತು ನೋಡಿದಳು. ದಾರಿಯಲ್ಲಿ ಕೇಳಿದ ಪ್ರಶ್ನೆಗೆ ಅವಳಿಗೆ ತಾನೇ ಉತ್ತರ ಹೊಳೆದಿತ್ತು.

“ಮಾಮಾನನ್ನು ಬಿಟ್ಟರು ಅಂತ ಇವರೆಲ್ಲ ಕುಣಿಯುತ್ತಿದ್ದಾರೆ, ಅಲ್ವಾ?”

ಮುಥೋನಿ ನನ್ನ ಮುಖ ನೋಡಿದಳು. ಯಾರ ತಪ್ಪನ್ನೂ ತಿದ್ದದೆ ಬಿಡದ ನಾನು “ಹೌದು” ಎಂದೆ.

ಮೂವತ್ತು ವರ್ಷ ಕಪ್ಪು ಕೋಟು ಹಾಕಿದ ಮೇಲೆ ನಾನು ಕಲಿತದ್ದು ಇಷ್ಟು. ದೂರದ ದೊಡ್ಡ ಸುದ್ದಿ ಒಳ್ಳೆಯದೋ ಕೆಟ್ಟದ್ದೋ ಎಂದು ಅಲ್ಲಿ ತೀರ್ಮಾನವಾಗುವುದಿಲ್ಲ. ಅದು ಯಾವುದೋ ಊರಿನ ಕಾರಿಡಾರಿನಲ್ಲಿ, ಇಬ್ಬರು ಎದುರಾಳಿಗಳು ಆ ಹೊತ್ತಿಗೆ ಏನು ಮಾಡುತ್ತಾರೆ ಎಂಬುದರ ಮೇಲೆ ನಿಂತಿರುತ್ತದೆ.

ಶುಕ್ರವಾರ ಎಂದಿನಂತೆ ರೇಡಿಯೋಗೆ ಹೋದೆ. ಕಾರ್ಯಕ್ರಮ ನಡೆಸುವ ಯುವಕ ಸಂಭ್ರಮದಿಂದ ಮೈಕು ನನ್ನ ಕಡೆ ತಿರುಗಿಸಿ, “ಮೇಡಂ, ನಿಮ್ಮ ವಿಶ್ಲೇಷಣೆ ಹೇಳಿ. ಬುಧವಾರ ನೈರೋಬಿ ಯಾಕೆ ಕುಣಿಯಿತು?” ಎಂದ.

“ಮುಥೋನಿ ಮನೆಗೆ ಬಂದಳು, ಅದಕ್ಕೆ” ಎಂದೆ.

ಮುಥೋನಿ ಯಾರು ಎಂದು ಅವನು ಕೇಳಿದ. ಹೇಳತೊಡಗಿದೆ. ಅಂದಿನ ಅರ್ಧ ಗಂಟೆಯಲ್ಲಿ ಅಮೆರಿಕದ ಹೆಸರು ಬರಲೇ ಇಲ್ಲ.