ಕಾಲುವೆ ದಾರಿಯ ಗೆರೆ

ನಿನ್ನೆ ಲಿಂಗಸುಗೂರಿನ ಬಜಾರಿನಲ್ಲಿ ಬಟ್ಟೆ ಒಣಹಾಕುವ ಹಗ್ಗ ಕೊಳ್ಳಲು ನಿಂತಿದ್ದೆ. ಅಂಗಡಿಯವನು ನೀಲಿ ನೈಲಾನ್ ಹಗ್ಗದ ತುದಿ ಹಿಡಿದು, ಎರಡೂ ಕೈ ಅಗಲಿಸಿ, "ಎಷ್ಟು ಮಾರು ಕೊಡ್ಲಿ ಅಕ್ಕಾರ?" ಎಂದ. ನನ್ನ ಬಾಯಿಂದ "ಆರು" ಎಂದು ಬಂದುಬಿಟ್ಟಿತು. ನಮ್ಮ ಅಂಗಳಕ್ಕೆ ಮೂರು ಸಾಕು. ಈ ಆರು ಎಲ್ಲಿಂದ ಬಂತು ಎಂದು ಹೊಳೆದದ್ದು ಬಸ್ಸು ಮಸ್ಕಿ ದಾಟಿದ ಮೇಲೆ. ಅದು ಮೂರು ವರ್ಷದ ಹಿಂದೆ ರೇಶ್ಮಾ ಎಂಬ ಮಗುವಿನ ಕಾಲಿಗೆ ಕಟ್ಟುತ್ತಿದ್ದ ಹಗ್ಗದ ಅಳತೆ.

ನಿಮಗೆ ಮೊದಲು ನನ್ನ ಕೆಲಸ ಹೇಳಬೇಕು. ಸಿಂಧನೂರಿನ ಒಂದು ಚಿಕ್ಕ ಮಕ್ಕಳ ಕೇಂದ್ರದಲ್ಲಿ ನಾನು ಬಿಹೇವಿಯರಲ್ ಹೆಲ್ತ್ ಟೆಕ್ನಿಷಿಯನ್. ಕೊರಳಲ್ಲಿ ಹಾಗೆಂದು ಬರೆದ ಕಾರ್ಡು ನೇತಾಡುತ್ತದೆ. ಅದರ ಕೊನೆಯ ಪದವನ್ನಷ್ಟೇ ಓದಿದ ಒಬ್ಬರು, "ನಮ್ಮ ಫ್ರಿಜ್ ತಣ್ಣಗಾಗವಲ್ದು, ನೋಡಾಕ ಬರ್ತೀರೇನ್ರಿ?" ಎಂದು ಕೇಳಿದ್ದೂ ಉಂಟು. ಮಾತು ಬಾರದ, ಕಚ್ಚುವ, ತಲೆ ಚಚ್ಚಿಕೊಳ್ಳುವ ಮಕ್ಕಳು, ಶಾಲೆ ಬಿಟ್ಟು ಕೋಣೆಯ ಬಾಗಿಲು ಹಾಕಿಕೊಂಡ ಹರೆಯದವರು, ಇವರ ಜೊತೆ ಕೂರುವುದು ನನ್ನ ಕೆಲಸ. ಏನು ಮಾಡಿದರು, ಅದಕ್ಕೆ ಮೊದಲು ಏನಾಗಿತ್ತು, ಆಮೇಲೆ ಏನಾಯಿತು ಎಂದು ಪುಸ್ತಕದಲ್ಲಿ ಬರೆಯಬೇಕು. ಡಾಕ್ಟರು ಹೇಳಿಕೊಟ್ಟ ಪಾಠವನ್ನು ಬೇಸರಿಸದೆ ಕಲಿಸಬೇಕು. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ಹೊಸದರಲ್ಲಿ ನಾನು ಚೆನ್ನಾಗಿಯೇ ತುಳುಕುತ್ತಿದ್ದೆ.

ರೇಶ್ಮಾಗೆ ಆಗ ಏಳು ವರ್ಷ. ಮಾತಿಲ್ಲ. ಕಾಲುವೆ ಪಕ್ಕದ ಓಣಿಯಲ್ಲಿ ಮನೆ. ಅವಳ ತಾಯಿ ಮಾಬುಬಿ ಗದ್ದೆ ಕೂಲಿಗೆ ಹೋಗುವಾಗ ಮಗಳ ಕಾಲಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಬೇವಿನ ಮರಕ್ಕೆ ಬಿಗಿದು, ನೋಡಿಕೊಳ್ಳಲು ಎದುರುಮನೆಯ ಮುದುಕಿ ಈರಮ್ಮನಿಗೆ ಹೇಳಿ ಹೋಗುತ್ತಿದ್ದಳು. ಅದನ್ನು ಕಂಡು ನನಗೆ ಮೈಯೆಲ್ಲ ಉರಿಯಿತು. "ದನ ಕಟ್ಟಿದಂಗ ಕಟ್ಟೀರಲ್ರಿ!" ಎಂದು ಕೂಗಾಡಿದೆ. ಹಗ್ಗ ಕಾಲಿಗೆ ಉಜ್ಜದ ಹಾಗೆ ಮಾಬುಬಿ ಒಳಗೆ ತನ್ನ ದುಪಟ್ಟಾದ ಮೆತ್ತನೆ ತುಂಡು ಸುತ್ತಿದ್ದಳು. ಅದು ಅಂದು ನನ್ನ ಕಣ್ಣಿಗೆ ಬೀಳಲಿಲ್ಲ.

ನನ್ನ ಹಟಕ್ಕೆ ಹಗ್ಗ ಬಿಚ್ಚಿದರು. ದಿನಾ ಹೋಗಿ ಬಣ್ಣದ ಚಿತ್ರಗಳನ್ನು ತೋರಿಸುತ್ತ ಅವಳನ್ನು ಅಂಗಳದಲ್ಲಿ ಕೂರಿಸಿಕೊಳ್ಳುತ್ತಿದ್ದೆ. ಐದನೆಯ ದಿನ ಅವಳು ಎದ್ದವಳೇ ಕಾಲುವೆಯ ಕಡೆಗೆ ಓಡಿದಳು. ನಾನು ಹಿಂದೆ ಓಡಿದರೂ ಕೈಗೆ ಸಿಗಲಿಲ್ಲ. ಕಾಲುವೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ ಈರಮ್ಮ ಅವಳ ಜಡೆಗೆ ಕೈ ಹಾಕಿ ಎಳೆದುಕೊಳ್ಳದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಸುದ್ದಿ ಕೇಳಿ ಮಾಬುಬಿ ಮೊಣಕಾಲುದ್ದ ಕೆಸರಿನಲ್ಲೇ ಬಂದಳು. ಮಗಳನ್ನು ಮತ್ತೆ ಕಟ್ಟಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ನಿಮ್ಮ ಪುಸ್ತಕದಾಗ ಕಾಲುವಿ ಇಲ್ಲೇನ್ರಿ ಮೇಡಂ?"

ಅಂದು ಕೆಲಸ ಬಿಟ್ಟುಬಿಡೋಣ ಅನ್ನಿಸಿತು.

ಎರಡು ದಿನ ಬಿಟ್ಟು, ತಪ್ಪಾಯಿತೆಂದು ಹೇಳಲು ಹೋದೆ. ಈರಮ್ಮ ತನ್ನ ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದಳು. "ನನ್ನ ಮೊಮ್ಮಕ್ಕಳು ದಿನಾ ತುಳದು ಹಾಳು ಮಾಡ್ತಾವ್ರಿ. ಈ ಕೂಸು ಒಂದಿನಾನೂ ತುಳದಿಲ್ಲ. ಮೊನ್ನೆ ಓಡುವಾಗ ಸೈತ ಸುತ್ತು ಹಾಕ್ಕೊಂಡು ಓಡ್ಯಾಳ ನೋಡ್ರಿ, ಕಾಲುವಿಯಿಂದ ಬಂದು ನೋಡಿದ್ರ ರಂಗೋಲಿ ಹಂಗ ಇತ್ತು" ಎಂದಳು. ಪುಸ್ತಕ ತೆರೆದೆ. "ಬಲಕ್ಕೆ ಸರಿದು ಓಡಿದಳು" ಎಂದು ನನ್ನದೇ ಅಕ್ಷರ. ಯಾಕೆ ಬಲಕ್ಕೆ ಎಂದು ಬರೆದ ನಾನು ಕೇಳಿಕೊಂಡಿರಲಿಲ್ಲ, ಓದು ಬಾರದ ಈರಮ್ಮ ಕೇಳಿಕೊಂಡಿದ್ದಳು.

ಆ ಓಣಿಯಿಂದ ಕಾಲುವೆಗೆ ಒಂದೇ ದಾರಿ, ಎರಡು ಗೋಡೆಗಳ ನಡುವೆ. ಅಲ್ಲಿ ಅಡ್ಡಲಾಗಿ ರಂಗೋಲಿಯ ಗೆರೆ ಎಳೆದರೆ ಹೇಗೆ? ಡಾಕ್ಟರು ಒಪ್ಪಿದರು, ಹಗ್ಗ ಮಾತ್ರ ತಾಯಿಯ ಕೈಯಲ್ಲಿರಲಿ ಎಂದರು. "ನನಗ ರಂಗೋಲಿ ಹಾಕಾಕ ಬರಂಗಿಲ್ರಿ" ಎಂದು ಮಾಬುಬಿ ಹಿಂಜರಿದಳು. "ಒಂದು ಗೆರಿ ಎಳಿಯಾಕ ಏನ್ ಬರಬೇಕಬೇ?" ಎಂದು ಈರಮ್ಮ ಅವಳ ಕೈಗೆ ಪುಡಿ ಕೊಟ್ಟಳು. ಎಳೆದದ್ದನ್ನು ನೋಡಿ, "ಎತ್ತು ಉಚ್ಚಿ ಹೊಯ್ದಂಗ ಆತಲ್ಲ!" ಎಂದಳು. ಮಾಬುಬಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ಸೊಟ್ಟ ಗೆರೆಯ ಮುಂದೆ ರೇಶ್ಮಾ ನಿಂತಳು. ನಿಂತದ್ದಕ್ಕೆ ಒಂದು ಬತ್ತಾಸು. ಹೀಗೆ ತಿಂಗಳುಗಟ್ಟಲೆ ನಡೆಯಿತು. ಮೊದಲು ಹಗ್ಗ ಬಿಗಿಯಾಗಿತ್ತು, ಆಮೇಲೆ ಸಡಿಲವಾಯಿತು, ಆಮೇಲೆ ನೆಲದ ಮೇಲೆ ಎಳೆದಾಡಿತು, ಕೊನೆಗೆ ಹಗ್ಗವಿಲ್ಲದೆ ತಾಯಿ ಮಗಳು ಜೊತೆಯಾಗಿ ನಡೆದರು.

ಒಂದು ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಯಾರದೋ ಎಮ್ಮೆಗಳು ಹಾದುಹೋಗಿ ಗೆರೆ ಪೂರ್ತಿ ಅಳಿಸಿತ್ತು. ರೇಶ್ಮಾ ಒಬ್ಬಳೇ ಆ ದಾರಿಯಲ್ಲಿ ನಡೆದು ಹೋಗುತ್ತಿದ್ದಳು. ಒಳಗೆ ಬುತ್ತಿ ಕಟ್ಟುತ್ತಿದ್ದ ಮಾಬುಬಿ ಹೊರಗೆ ಬಂದು ನೋಡಿ, ನನ್ನ ಮುಂಗೈ ಹಿಡಿದಳು. ಕೂಗಿದರೆ ಮಗು ಬೆದರಿ ಓಡುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಸದ್ದಾಗದಂತೆ ಹಿಂದೆ ನಡೆದೆವು.

ಗೆರೆ ಇರಬೇಕಾದ ಜಾಗದಲ್ಲಿ ಅವಳು ನಿಂತಳು. ಕಾಲ್ಬೆರಳಿನಿಂದ ನೆಲ ಕೆದಕಿದಳು. ಆಮೇಲೆ ಕುಕ್ಕರುಗಾಲಲ್ಲಿ ಕೂತು, ಧೂಳನ್ನು ಚಿಟಿಕೆಯಲ್ಲಿ ಹಿಡಿದು, ಈ ಗೋಡೆಯಿಂದ ಆ ಗೋಡೆಯವರೆಗೆ ಉದುರಿಸುತ್ತ ಹೋದಳು. ಚಮಚ ಹಿಡಿಯಲು ಒಲ್ಲದ ಬೆರಳುಗಳು ಅವು. ಧೂಳಿನ ಮೇಲೆ ಧೂಳಿನ ಗೆರೆ, ನಮಗೆ ಕಂಡೂ ಕಾಣದಂಥದ್ದು. ಮುಗಿಸಿ ಎದ್ದಳು, ಈಚೆ ಬದಿಯಲ್ಲೇ ನಿಂತು ನೀರಿನ ಕಡೆ ನೋಡಿದಳು. ದೇವರ ಮುಂದೆಯೂ ನಾನು ಅಷ್ಟು ಭಯಭಕ್ತಿಯಿಂದ ನಿಂತಿಲ್ಲ.

"ಯಾ ಅಲ್ಲಾ, ಮೇರಿ ಬಚ್ಚಿ" ಎಂದಳು ಮಾಬುಬಿ. ಮತ್ತೆ ನನ್ನ ಕಡೆ ತಿರುಗಿ, "ತನ್ನನ್ನ ತಾನ ಕಾಯ್ಕೊಂಡಳಲ್ರಿ!" ಎಂದು ಅತ್ತಳು.

ನನಗೆ ಅಲ್ಲಿಗೆ ಪಾಠ ಮುಗಿದಿತ್ತು. ಮಾಬುಬಿಗೆ ಮುಗಿದಿರಲಿಲ್ಲ. ಗೆರೆಯ ಬಳಿ ನಿಲ್ಲುವ ಮಗಳು ಗದ್ದೆಯ ಬದುವನ್ನೂ ದಾಟಲಿಕ್ಕಿಲ್ಲ ಎಂದುಕೊಂಡು, ಮೊದಲು ಕೈ ಹಿಡಿದೇ ಕರೆದೊಯ್ದು, ದಿನಗಟ್ಟಲೆ ನಿಲ್ಲಿಸಿ ನೋಡಿ, ಸಸಿ ಹಚ್ಚುವ ಕೆಲಸಕ್ಕೆ ಅವಳನ್ನೂ ಜೊತೆಗೆ ಒಯ್ಯತೊಡಗಿದಳು. ನಾನು ಗಾಬರಿಯಾದಾಗ, "ಕಾಲುವಿ ಬ್ಯಾಡಂದ್ರ ಆತೇನ್ರಿ? ಆಕಿಗಿ ನೀರು ಬೇಕಲ್ಲ" ಎಂದಿದ್ದಳು.

ಇವತ್ತು ಬೆಳಿಗ್ಗೆ ಆ ಗದ್ದೆಗೇ ಹೋದೆ. ಮಾಬುಬಿ ಹೆಂಗಸರ ಸಾಲಿನಲ್ಲಿ ಬಗ್ಗಿ ಸಸಿ ಹಚ್ಚುತ್ತಿದ್ದಳು. ಹತ್ತು ವರ್ಷದ ರೇಶ್ಮಾ ಅವಳ ಹಿಂದೆ, ಪಾದ ಮುಳುಗುವಷ್ಟು ನೀರಿನಲ್ಲಿ ಬಗ್ಗಿ ನಿಂತು, ಅಂಗೈಯನ್ನು ನೀರಿಗೆ ತಾಗಿಯೂ ತಾಗದ ಹಾಗೆ ಆಡಿಸುತ್ತ, ಸದ್ದಿಲ್ಲದೆ ನಗುತ್ತಿದ್ದಳು. ಇವಳನ್ನು ನೀರಿನಿಂದ ತಡೆಯುವುದು ಹೇಗೆ ಎಂದು ನಾನು ಪುಟಗಟ್ಟಲೆ ಬರೆದಿದ್ದೇನೆ. ಆ ನೀರಿನಲ್ಲಿ ಇವಳಿಗೆ ಏನು ಸಿಗುತ್ತದೆ ಎಂದು ಒಂದು ಸಾಲೂ ಬರೆದಿಲ್ಲ.

ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಇಳಿದು ರೇಶ್ಮಾಳ ಪಕ್ಕದಲ್ಲಿ ಬಗ್ಗಿ ನಿಂತು, ಅವಳ ಹಾಗೆಯೇ ಅಂಗೈಯನ್ನು ನೀರಿನತ್ತ ಚಾಚಿದೆ.