ಯುನೂಸನ ಅಡಿ

ಹಿಮ್ಮಡಿಯಿಂದ ಹೆಬ್ಬೆರಳ ತುದಿಯವರೆಗೆ ಯುನೂಸನ ಪಾದ ಸರಿಯಾಗಿ ಹನ್ನೆರಡು ಇಂಚು. ಆರೂವರೆ ಅಡಿಯ ಆಳು. ಬಸವಕಲ್ಯಾಣದ ಯಾವ ಅಂಗಡಿಯಲ್ಲೂ ಅವನಿಗೆ ಚಪ್ಪಲಿ ಸಿಗುತ್ತಿರಲಿಲ್ಲ, ಹೇಳಿ ಹೊಲಿಸಬೇಕಿತ್ತು. ಆ ಪಾದಗಳೇ ಅವನ ಅನ್ನ. ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ ವ್ಯಾಪಾರ ಮೇಳ, ಊರವರ ಬಾಯಲ್ಲಿ ನುಮಾಯಿಶ್, ಕೂಡುತ್ತದೆಂದರೆ ಬಯಲಿನಲ್ಲಿ ಮಳಿಗೆಗಳ ಗೆರೆ ಹಾಕುವವನು ಅವನೇ. ಚಪ್ಪಲಿ ಬಿಚ್ಚಿ, ಬೆರಳಿಗೆ ಹಿಮ್ಮಡಿ ತಾಗಿಸುತ್ತ ನಡೆಯುತ್ತಿದ್ದ. ಹತ್ತು ಪಾದಕ್ಕೊಮ್ಮೆ, ಎಂದರೆ ಒಂದೊಂದು ಮಳಿಗೆಯ ಅಗಲಕ್ಕೆ, ಮುಷ್ಟಿಯಿಂದ ಸುಣ್ಣದ ಪುಡಿ ಬಿಡುತ್ತಿದ್ದ. ಕಣ್ಣು ದೂರದ ಗೂಟದ ಮೇಲೆ. ನೆಲ ನೋಡಿ ನಡೆದರೆ ಗೆರೆ ಸೊಟ್ಟಾಗುತ್ತದೆ ಎನ್ನುತ್ತಿದ್ದ. ಇಪ್ಪತ್ತೆರಡು ವರ್ಷ ಆ ಗೆರೆಗಳ ಮೇಲೆ ಟೇಪು ಹಿಡಿದು ತಪ್ಪು ಹುಡುಕಿದವರೆಲ್ಲ ಸೋತರು. ಮಳಿಗೆ ಹಿಡಿಯುವ ವ್ಯಾಪಾರಿಗಳು ಕೊನೆಗೆ ಒಂದೇ ಮಾತು ಕೇಳುತ್ತಿದ್ದರು: "ಯುನೂಸನ ಅಡಿ ಹೌದಲ್ಲ?" ಮೋಸ ಇಲ್ಲವಲ್ಲ ಎಂದು ಅದರ ಅರ್ಥ.

ಸಕ್ಕರೆ ಕಾಯಿಲೆ ಅವನ ಬಲಗಾಲಿನ ಐದೂ ಬೆರಳು ತಿಂದಿತು. ಕೊಯ್ಯಿಸಿಕೊಂಡು ಮನೆಗೆ ಬಂದ ಮೇಲೆ ಮೂರು ತಿಂಗಳು ಮೇಳದವರು ಯಾರೂ ಆ ಕಡೆ ಹಾಯಲಿಲ್ಲ. ಆಮೇಲೆ ಬಂದವನು ಸರ್ಫರಾಜ್. ಹಿಂದೆ ಯುನೂಸನ ಕೈಕೆಳಗೆ ಗೂಟ ಹೊಡೆದವನು, ಈಗ ತಾನೇ ಮೇಳ ನಡೆಸುವ ಸಂಘಟಕ.

"ಉಸ್ತಾದ್, ಹುಮನಾಬಾದ್ ನುಮಾಯಿಶ್‌ದ ಗೆರಿ ನೀವೇ ಹಾಕಬೇಕ್ರಿ."

"ಟೇಪ್ ಇಲ್ಲೇನ್ರಿ ನಿಮ್ಮ ಹಂತ್ಯಾಕ? ಗಾಯ ಇನ್ನಾ ಮಾಯಾಕತ್ತದ," ಎಂದಳು ಯುನೂಸನ ಹೆಂಡತಿ ಮಲಿಕಾ.

"ಟೇಪಿಗಿ ಯಾರ್ ಸಲಾಂ ಹೊಡಿತಾರ್ರಿ ಭಾಬಿ?"

ಯುನೂಸನ ಮುಖ ಅರಳಿತು. "ಕಾಲ್ ಹೋಗಿಲ್ಲ ಬೇಗಂ, ಬರೇ ಐದ್ ಬಟ್ಟ ಹೋಗ್ಯಾವ. ಅವೂ ಅಲ್ಲೇ ಅದಾವ ಅನಸ್ತದ. ಕೆರಿತಾವ."

"ಕೆರ್ಕೊಳ್ಳಾಕ ಹೋದ್ರ ಹಾಸಗಿ ಸಿಗ್ತದ ನಿಮಗ," ಎಂದು ಮಲಿಕಾ ಒಳಗೆ ಹೋದಳು.

ಹೋದ ಬೆರಳುಗಳ ಜಾಗ ಬಿಟ್ಟು ಹೆಜ್ಜೆ ಇಡುವುದನ್ನು ಅವನು ಅಂಗಳದಲ್ಲಿ ಎರಡು ವಾರ ರೂಢಿಸಿಕೊಂಡ. ಆದರೆ ಬಯಲಿಗಿಳಿದಾಗ ಕಣ್ಣು ಮತ್ತೆ ಗೂಟಕ್ಕೇ ಹೋಯಿತು. ಮರಗಟ್ಟಿದ ಕಾಲು, ಹಿಮ್ಮಡಿ ತಾಗಿದ್ದು ಬೆರಳಿಗೇ ಎಂದು ಹೇಳಿತು; ಎಡಗಾಲಿನ ಹಿಮ್ಮಡಿ ಅವು ಇದ್ದ ಜಾಗದ ಮೇಲೆಯೇ ಬಂದು ಕೂತಿತು. ಯಾವಾಗಲೂ ಹನ್ನೆರಡಕ್ಕೆ ಮುಗಿಯುವ ಸಾಲಿನಲ್ಲಿ ಇನ್ನೊಂದು ಮಳಿಗೆಯ ಜಾಗ ಉಳಿದಾಗ ಅವನು ಅನುಮಾನದಿಂದ ನಿಂತ.

"ಈ ಸಲ ಹೈವೇ ಕಡಿ ಜಾಗ ಜಾಸ್ತಿ ಬಿಡಸೇನ್ರಿ," ಎಂದ ಸರ್ಫರಾಜ್. ಯುನೂಸ್ ನಂಬಿದ.

ನಾಲ್ಕನೆಯ ದಿನ, ತಗಡಿನ ಮಳಿಗೆಗಳು ಎದ್ದ ಮೇಲೆ, ರಾಜೇಶ್ವರದ ಪಿಂಗಾಣಿ ವ್ಯಾಪಾರಿ ಅಶೋಕಕುಮಾರ ಹತ್ತು ಅಡಿಯ ಕಬ್ಬಿಣದ ರ‍್ಯಾಕು ತಂದ. ಅದು ಒಳಗೆ ಹೋಗಲೇ ಇಲ್ಲ. ಮೇಳದ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಸಲಾಂ ತೆಗೆದುಕೊಳ್ಳುತ್ತಿದ್ದ ಯುನೂಸ್ ಎದ್ದು ಬಂದ.

"ನಿನ್ನ ಕಬ್ಬಣ ಬಿಸಲಿಗಿ ಬೆಳದಾದೇನೋ ನೋಡು."

ಅಶೋಕಕುಮಾರ ಟೇಪು ಎಳೆದ. ಒಂಬತ್ತು ಅಡಿ ಎರಡು ಇಂಚು. ಪಕ್ಕದ್ದೂ ಅಷ್ಟೇ, ಅದರ ಪಕ್ಕದ್ದೂ ಅಷ್ಟೇ. ಮಂದಿ ಕೂಡಿತು. ಸರ್ಫರಾಜ್ ಎರಡೂ ಕೈ ಎತ್ತಿದ.

"ನಾ ಏನ್ ಮಾಡ್ಲಿರಿ? ಬಟ್ಟ ಕಳಕೊಂಡ ಮನಷ್ಯಾ, ಪಾಪ ಅಂತ ಕೆಲಸಕ್ಕ ಕರದೆ."

"ಉಸ್ತಾದ್, ಉಳದ ಐದೂ ತಗಸಿಬಿಡ್ರಿ! ಸಾಲಿಗಿ ಇನ್ನೊಂದ್ ಮಳಿಗಿ ಬರ್ತದ!" ಎಂದು ಹಿಂದಿನಿಂದ ಯಾರೋ ಕೂಗಿದರು. ಬಯಲೆಲ್ಲ ನಕ್ಕಿತು.

ಯುನೂಸ್ ಮಾಫಿ ಕೇಳಲು ಕೈ ಜೋಡಿಸಿದ. ಆಗ ಅಶೋಕಕುಮಾರ ಝಳಪಿಸುತ್ತಿದ್ದ ಮಳಿಗೆಯ ಕಾರ್ಡು ಕಣ್ಣಿಗೆ ಬಿತ್ತು. ಮೂರನೇ ಸಾಲು, ಹದಿಮೂರನೇ ಮಳಿಗೆ ಎಂದು ಅಚ್ಚಾಗಿತ್ತು.

"ಇದ್ ಯಾವಾಗ ಕೊಟ್ರು?"

"ಹದಿನೈದ್ ದಿನ ಆತು."

ಅವನು ಗೆರೆ ಹಾಕಿ ನಾಲ್ಕೇ ದಿನವಾಗಿತ್ತು. ಸರ್ಫರಾಜನ ಹತ್ತಿರ ಹೋಗಿ ಮೆಲ್ಲಗೆ ಕೇಳಿದ: "ನನ್ನ ಕಾಲ್ ಯಾವಾಗ ಅಳದಿ?"

"ಮನಿಗಿ ಬಂದ ದಿನ. ಕಾಲ್ ಚಾಚಿ ಕುಂತಿದ್ರಲ್ಲ," ಎಂದ ಸರ್ಫರಾಜ್, ಅಷ್ಟೇ ಮೆಲ್ಲಗೆ. "ನನ್ನ ಕಣ್ಣಿಗೂ ಅಳತಿ ಬರ್ತದ ಉಸ್ತಾದ್. ನಿಮ್ಮಲ್ಲೇ ಕಲ್ತಿದ್ದು."

ಯುನೂಸ್ ಅಶೋಕಕುಮಾರನ ಕೈಯಿಂದ ಟೇಪು ಕಸಿದುಕೊಂಡ. ಚಪ್ಪಲಿ ಬಿಟ್ಟ. ಮೊದಲ ಸಾಲಿನ ಮೊದಲ ಮಳಿಗೆಯಿಂದ ಹೊಸ ಗೆರೆ ಹಾಕತೊಡಗಿದ. ನೆಲ ನೋಡುತ್ತ, ಬಗ್ಗಿ, ಜೀವನದಲ್ಲಿ ಮೊದಲ ಸಲ ಟೇಪು ಹಿಡಿದು. ಕಂಬಗಳನ್ನು ಯಾರೂ ಅಲ್ಲಾಡಿಸಲಿಲ್ಲ. ಅವನ ಬಿಳಿ ಗೆರೆಗಳು ಕೌಂಟರಿನ ಕೆಳಗೆ, ಸೀರೆಗಳ ಗಂಟಿನ ಪಕ್ಕ, ಮಳಿಗೆಗಳ ನಡುಮಧ್ಯೆ ಬಿದ್ದವು. "ಹೊಲಸ್ ಮಾಡಬ್ಯಾಡ್ರಿ" ಎಂದು ಬೈಯುತ್ತ ಅಂಗಡಿಯವರು ಅವನ ಬೆನ್ನಹಿಂದೆಯೇ ಕಸಬರಿಗೆ ಆಡಿಸಿದರು. ಎರಡನೆಯ ಸಾಲು ಮುಗಿಯುವ ಹೊತ್ತಿಗೆ ಸುಣ್ಣದ ಮೇಲೆ ಕೆಂಪು ಕಾಣಿಸಿತು.

"ಉಸ್ತಾದ್, ರಕ್ತ!" ಎಂದು ಅಶೋಕಕುಮಾರ ಕೂಗಿದ.

ಯುನೂಸ್ ಸುತ್ತ ನೋಡಿದ. "ಯಾರದು?"

ನಂಜು ಮೊಣಕಾಲಿಗೇರಿತು, ತೊಡೆಗೇರಿತು. ಹನ್ನೊಂದನೆಯ ದಿನ ಅವನು ಸತ್ತ. ಮೇಳ ಇನ್ನೂ ನಡೆಯುತ್ತಿತ್ತು.

ಈ ವರ್ಷ ಬಸವಕಲ್ಯಾಣದ ನುಮಾಯಿಶ್‌ನ ಕಮಾನಿನ ಮೇಲೆ ಸರ್ಫರಾಜ್ ತನ್ನ ಉಸ್ತಾದನ ಫೋಟೊ ಹಾಕಿಸಿದ. ಅದನ್ನು ನೋಡಲೆಂದೇ ಮಲಿಕಾ ಹೋಗಿದ್ದಳು. ಒಳಗೆ ಪರದೆ ಬಟ್ಟೆಯ ಅಂಗಡಿಯಲ್ಲಿ ಹೆಣ್ಣುಮಗಳೊಬ್ಬಳು ವ್ಯಾಪಾರಿಯ ಕೈ ಹಿಡಿದು ಜಗಳಕ್ಕೆ ನಿಂತಿದ್ದಳು. "ಸರಿ ಅಳಿಯೋ ಅಣ್ಣಾ, ಯುನೂಸನ ಅಡಿ ಹಾಕಬ್ಯಾಡ!"

ಸುತ್ತಲಿನವರು ನಕ್ಕರು. ಈಗ ಆ ಮಾತಿಗೆ ಮೋಸ ಎಂದೇ ಅರ್ಥ.

"ಹನ್ನೆರಡು ಇಂಚ್ ಇತ್ತು," ಎಂದಳು ಮಲಿಕಾ.

ವ್ಯಾಪಾರಿ ತಲೆ ಎತ್ತಿದ. "ಯಾವ ಬಟ್ಟಿರಿ ಅವ್ವಾ?"